ಕೂಸು ಅತ್ತ ಮೇಲೆ ಕೊಡುವುದಲ್ಲ ನೋವಿನ ಔಷಧ

ಆಪರೇಷನ್ ಥಿಯೇಟರ್‌ನಿಂದ ಹೊರಬರುವ ಮಗು ಅಳುತ್ತಲೇ ಬರಬೇಕು ಎಂಬುದನ್ನು ನಮ್ಮಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ. ಸ್ಟ್ರೆಚರ್ ಮೇಲೆ ಕಿರುಚುತ್ತ ಬಂದರೆ ‘ಎಚ್ಚರ ಆಗೇತಿ, ಕೂಸು ಆರಾಮ ಐತಿ’ ಎಂದು ಹೊರಗೆ ಕೂತವರು ಸಮಾಧಾನಪಡುತ್ತಾರೆ. ಅಳದೆ ಬಂದರೇ ಗಾಬರಿ. ನಮ್ಮೂರು ಯರಗುಪ್ಪಿಯಲ್ಲಿ ಈ ಮಾತು ತೆಗೆದರೆ ಹಿರಿಯರ ಉತ್ತರ ಒಂದೇ: ‘ಸಣ್ಣ ಕೂಸಿಗೆ ನೋವು ಏನ್ ತಿಳೀತೈತಿ? ಮರುದಿನ ಮರತ ಬಿಡತಾವು.’

ಇದನ್ನು ಹಳ್ಳಿಯವರ ಅಜ್ಞಾನ ಎಂದು ನಗುವ ಮೊದಲು ಒಂದು ಸಂಗತಿ ತಿಳಿದಿರಲಿ. 1980ರ ದಶಕದವರೆಗೂ ಮುಂದುವರಿದ ದೇಶಗಳ ವೈದ್ಯರಲ್ಲಿ ಅನೇಕರು ಇದನ್ನೇ ನಂಬಿದ್ದರು. ನವಜಾತ ಶಿಶುವಿನ ನರಗಳ ಮೇಲಿನ ಹೊದಿಕೆ ಪೂರ್ತಿ ಬೆಳೆದಿರುವುದಿಲ್ಲ, ಹಾಗಾಗಿ ನೋವು ಮೆದುಳಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂಬುದು ಅವರ ವಾದ. ಅಷ್ಟು ಸಣ್ಣ ದೇಹಕ್ಕೆ ಅರಿವಳಿಕೆ ಕೊಟ್ಟರೆ ಜೀವಕ್ಕೇ ಅಪಾಯ ಎಂಬ ಭಯ ಬೇರೆ. 1985ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಜೆಫ್ರಿ ಲಾಸನ್ ಎಂಬ, ಅವಧಿಗೆ ಮೊದಲೇ ಹುಟ್ಟಿದ ಶಿಶುವಿಗೆ ಹೃದಯದ ಪಕ್ಕದ ರಕ್ತನಾಳದ ಶಸ್ತ್ರಚಿಕಿತ್ಸೆ ನಡೆಯಿತು. ಕೊಟ್ಟಿದ್ದು ಸ್ನಾಯುಗಳು ಅಲುಗಾಡದಂತೆ ಮಾಡುವ ಔಷಧ ಮಾತ್ರ. ನೋವಿಗೆ ಏನೂ ಇಲ್ಲ. ಮಗು ಕೆಲವೇ ವಾರಗಳಲ್ಲಿ ತೀರಿಕೊಂಡಿತು. ನಂತರ ವಿಷಯ ತಿಳಿದ ತಾಯಿ ಜಿಲ್ ಲಾಸನ್ ಸುಮ್ಮನೆ ಕೂರಲಿಲ್ಲ. ಪತ್ರ ಬರೆದರು, ಪತ್ರಿಕೆಗಳ ಬಾಗಿಲು ತಟ್ಟಿದರು.

ಅದೇ ಹೊತ್ತಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ, ನಮ್ಮ ಇಂದೋರ್‌ನಲ್ಲಿ ವೈದ್ಯಕೀಯ ಓದಿ ಹೋಗಿದ್ದ ಕನ್ವಲ್‌ಜಿತ್ ಆನಂದ್ ಎಂಬ ಯುವ ವೈದ್ಯರು ಇದನ್ನೇ ಅಳೆಯಲು ಹೊರಟಿದ್ದರು. ಅಳೆದದ್ದು ಅಳುವನ್ನಲ್ಲ, ರಕ್ತದಲ್ಲಿನ ಒತ್ತಡದ ಹಾರ್ಮೋನುಗಳನ್ನು. ಆಪರೇಷನ್ ವೇಳೆ ಬಲವಾದ ನೋವುನಿವಾರಕ ಪಡೆದ ಶಿಶುಗಳಲ್ಲಿ ಆ ಹಾರ್ಮೋನುಗಳ ಏರಿಕೆ ಕಡಿಮೆ, ನಂತರದ ತೊಂದರೆಗಳೂ ಕಡಿಮೆ ಎಂದು ಅವರ ತಂಡ 1987ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಸಂಘ, ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಲೇಬೇಕು ಎಂದಿತು. ಅಂದರೆ ‘ಕೂಸಿಗೆ ನೋವು ತಿಳಿಯೋದಿಲ್ಲ’ ಎಂಬ ಮಾತು ವೈದ್ಯಲೋಕದಲ್ಲಿ ಸೋತು ಇನ್ನೂ ನಲವತ್ತು ವರ್ಷ ಆಗಿಲ್ಲ. ನಮ್ಮ ಕಟ್ಟೆಯವರೆಗೆ ಆ ಸುದ್ದಿ ಬಂದಿಲ್ಲದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಸರಿ, ನೋವು ಇದೆ ಎಂದು ಒಪ್ಪಿದೆವು. ತಡೆಯುವುದು ಹೇಗೆ? ಇಲ್ಲಿಂದ ಮುಂದೆ ನನ್ನಂಥ ಎಲೆಕ್ಟ್ರಿಕಲ್ ವಿದ್ಯಾರ್ಥಿಗೆ ವಿಷಯ ರುಚಿಸತೊಡಗುತ್ತದೆ. ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ ಎಂದರೆ ಮನೆಯ ಟಿ.ವಿ. ಆಫ್ ಮಾಡಿದಂತೆ. ಪರದೆ ಕಪ್ಪಾಗಿರುತ್ತದೆ, ಆದರೆ ಕೇಬಲ್‌ನಲ್ಲಿ ಸಿಗ್ನಲ್ ಬರುತ್ತಲೇ ಇರುತ್ತದೆ. ಕೊಯ್ದ ಜಾಗದಿಂದ ಹೊರಟ ನೋವಿನ ಸಂಕೇತಗಳು ಬೆನ್ನುಹುರಿಯನ್ನು ಬಡಿಯುತ್ತಲೇ ಇರುತ್ತವೆ, ಬೆನ್ನುಹುರಿ ಇನ್ನಷ್ಟು ಸೂಕ್ಷ್ಮವಾಗುತ್ತ ಹೋಗುತ್ತದೆ. ಮಗು ಕಣ್ಣು ಬಿಟ್ಟಾಗ ಅದೆಲ್ಲ ಒಟ್ಟಿಗೆ ಬಂದು ಎರಗುತ್ತದೆ. ಪ್ರಾದೇಶಿಕ ಅರಿವಳಿಕೆ, ಆಸ್ಪತ್ರೆಯ ಮಾತಿನಲ್ಲಿ ‘ಬ್ಲಾಕ್’, ಆ ಕೇಬಲ್ಲನ್ನೇ ನಡುವೆ ತಡೆಯುತ್ತದೆ. ಹೆಸ್ಕಾಂ ಲೈನ್‌ಮನ್ ಒಂದು ಓಣಿಯ ಕಂಬ ಏರಬೇಕಾದರೆ ಆ ಓಣಿಯ ಲೈನಷ್ಟೇ ಬಂದ್ ಮಾಡುತ್ತಾನಲ್ಲ, ಹಾಗೆ.

ನರದಲ್ಲಿ ಹರಿಯುವುದು ತಂತಿಯಲ್ಲಿರುವಂಥ ಎಲೆಕ್ಟ್ರಾನ್ ಅಲ್ಲ ಎಂಬುದು ಬೇರೆ ಮಾತು. ನರದ ಉದ್ದಕ್ಕೂ ಸೋಡಿಯಂ ಅಯಾನುಗಳು ಒಳನುಗ್ಗುವ ಸಣ್ಣ ಬಾಗಿಲುಗಳಿವೆ. ಒಂದು ತೆರೆದರೆ ಪಕ್ಕದ್ದು ತೆರೆಯುತ್ತದೆ, ಹೀಗೆ ಸಂಕೇತ ಸಾಗುತ್ತದೆ. ಬುಪಿವಕೇನ್, ರೋಪಿವಕೇನ್‌ನಂಥ ಔಷಧಗಳು ಈ ಬಾಗಿಲುಗಳನ್ನು ಕೆಲವು ಗಂಟೆ ಮುಚ್ಚಿಡುತ್ತವೆ. ಔಷಧ ಕರಗಿದಂತೆ ಬಾಗಿಲು ಮತ್ತೆ ತೆರೆಯುತ್ತವೆ. ನರ ಸಾಯುವುದಿಲ್ಲ, ಸುಡುವುದಿಲ್ಲ.

ಚಿಕ್ಕ ಮಕ್ಕಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ‘ಕಾಡಲ್ ಬ್ಲಾಕ್’. ಹರ್ನಿಯಾ, ಕೆಳಗಿಳಿಯದ ವೃಷಣ, ಮೂತ್ರದ್ವಾರದ ದೋಷ, ತಿರುಚಿದ ಪಾದ, ಹೀಗೆ ಹೊಕ್ಕುಳಿನಿಂದ ಕೆಳಗಿನ ಆಪರೇಷನ್‌ಗಳಿಗೆಲ್ಲ ಇದು ಒಗ್ಗುತ್ತದೆ. ಕಾಡಲ್ ಎಂದರೆ ಬಾಲದ ಕಡೆಯದು. ಮಗುವಿಗೆ ಮೊದಲು ಪೂರ್ತಿ ಅರಿವಳಿಕೆ ಕೊಟ್ಟು, ನಿದ್ದೆ ಬಂದ ಮೇಲೆ ಮಗ್ಗುಲಿಗೆ ಮಲಗಿಸಿ ಮೊಣಕಾಲು ಮಡಚುತ್ತಾರೆ. ಬೆನ್ನುಮೂಳೆಯ ಕಟ್ಟಕಡೆಯಲ್ಲಿ, ಬಾಲಮೂಳೆಗೆ ಸ್ವಲ್ಪ ಮೇಲೆ, ಬೆರಳಿಗೆ ಎರಡು ಸಣ್ಣ ಗುಬುಟು ಸಿಗುತ್ತವೆ. ಅವುಗಳ ನಡುವೆ ಮೂಳೆಯಿಲ್ಲ, ತೆಳು ಪೊರೆ ಮಾತ್ರ. ದೊಡ್ಡವರಲ್ಲಿ ಈ ಕಿಂಡಿ ಹುಡುಕುವುದೇ ಕಷ್ಟ, ಮಕ್ಕಳಲ್ಲಿ ಸಲೀಸು. ಅಲ್ಲಿಂದ ಸೂಜಿ ಹಾಕಿ ಔಷಧ ಬಿಟ್ಟರೆ, ಬೆನ್ನುಹುರಿಯಿಂದ ಹೊರಬರುವ ನರಗಳ ಬುಡಕ್ಕೆ ಅದು ಹಬ್ಬಿಕೊಳ್ಳುತ್ತದೆ. ಆಪರೇಷನ್ ಮುಗಿದು ಎಚ್ಚರವಾದ ಮೇಲೂ ನಾಲ್ಕರಿಂದ ಆರು ಗಂಟೆ ಆ ಭಾಗ ಜೋಮು ಹಿಡಿದಿರುತ್ತದೆ.

ಔಷಧದ ಅಳತೆ ಇಲ್ಲಿ ಅಂದಾಜಿನದಲ್ಲ. 1979ರಲ್ಲಿ ಆರ್ಮಿಟೇಜ್ ಎಂಬ ಬ್ರಿಟಿಷ್ ವೈದ್ಯರು ಕೊಟ್ಟ ಲೆಕ್ಕ ಇಂದಿಗೂ ಪಠ್ಯಪುಸ್ತಕದಲ್ಲಿದೆ. ಕೆಳಗಿನ ನರಗಳಷ್ಟೇ ಸಾಕೆಂದರೆ ಪ್ರತಿ ಕೆ.ಜಿ. ತೂಕಕ್ಕೆ ಅರ್ಧ ಮಿ.ಲೀ., ತೊಡೆಸಂದಿಯವರೆಗೆ ಬೇಕೆಂದರೆ 1 ಮಿ.ಲೀ., ಇನ್ನೂ ಮೇಲಕ್ಕೆ ಬೇಕೆಂದರೆ 1.25 ಮಿ.ಲೀ. 12 ಕೆ.ಜಿ.ಯ ಮಗುವಿಗೆ ಹರ್ನಿಯಾ ಆಪರೇಷನ್ ಎಂದುಕೊಳ್ಳಿ: 12 ಮಿ.ಲೀ. ಬುಪಿವಕೇನ್ 0.25 ಶೇಕಡದ್ದಾದರೆ ಪ್ರತಿ ಮಿ.ಲೀ.ನಲ್ಲಿ 2.5 ಮಿ.ಗ್ರಾಂ., ಒಟ್ಟು 30 ಮಿ.ಗ್ರಾಂ. ಪ್ರತಿ ಕೆ.ಜಿ.ಗೆ 2.5 ಮಿ.ಗ್ರಾಂ. ದಾಟಬಾರದು ಎಂಬುದು ಸುರಕ್ಷತೆಯ ಗೆರೆ. ಸರಿಯಾಗಿ ಆ ಗೆರೆಯ ಮೇಲೆ ಬಂದು ನಿಂತೆವು. ಆರು ತಿಂಗಳೊಳಗಿನ ಶಿಶುವಾದರೆ ಗೆರೆ ಇನ್ನೂ ಕೆಳಗೆ. ಔಷಧವನ್ನು ರಕ್ತದಲ್ಲಿ ಹಿಡಿದಿಟ್ಟುಕೊಳ್ಳುವ ಪ್ರೋಟೀನು ಆ ವಯಸ್ಸಿನಲ್ಲಿ ಕಡಿಮೆ ಇರುತ್ತದೆ, ಬಿಡಿಯಾಗಿ ಓಡಾಡುವ ಔಷಧ ಹೆಚ್ಚಾಗುತ್ತದೆ. ಆಸ್ಪತ್ರೆಯವರು ಮಗುವಿನ ತೂಕವನ್ನು ಎರಡೆರಡು ಸಲ ನೋಡಿದರೆ ಬೇಸರ ಮಾಡಿಕೊಳ್ಳಬಾರದು. ಇಡೀ ಲೆಕ್ಕ ನಿಂತಿರುವುದು ಆ ಒಂದು ಸಂಖ್ಯೆಯ ಮೇಲೆ.

ಇದೆಲ್ಲ ನನಗೆ ಕಾಲೇಜಿನಲ್ಲಿ ಗೊತ್ತಾದದ್ದಲ್ಲ. ಮೂರು ವರ್ಷದ ನನ್ನ ಅಕ್ಕನ ಮಗನಿಗೆ ನೀರು ಹಾಕುವಾಗ ಆಯಿ ಅವನ ತೊಡೆಸಂದಿಯಲ್ಲಿ ಉಬ್ಬು ನೋಡಿದಳು. ಅತ್ತಾಗ ದೊಡ್ಡದಾಗುತ್ತಿತ್ತು, ಮಲಗಿದಾಗ ಮಾಯ. ಹರ್ನಿಯಾ ಎಂದು ಖಾತ್ರಿಯಾಗಿ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ದಿನ ಗೊತ್ತಾಯಿತು. ಆಪರೇಷನ್‌ಗೆ ಎಲ್ಲರೂ ಒಪ್ಪಿದ್ದರು. ಹಿಂದಿನ ಸಂಜೆ ಅರಿವಳಿಕೆ ತಜ್ಞೆ ಬಂದು, ನಿದ್ದೆಯಲ್ಲಿರುವಾಗ ಬೆನ್ನಿನ ಕೆಳಗೆ ಒಂದು ಇಂಜೆಕ್ಷನ್ ಕೊಡುತ್ತೇವೆ, ನೋವು ಕಡಿಮೆ ಇರುತ್ತದೆ ಎಂದರು ನೋಡಿ, ಅಲ್ಲಿಗೆ ಎಲ್ಲ ನಿಂತಿತು. ‘ಬೆನ್ನಾಗ ಸೂಜಿ ಚುಚ್ಚೂದು ಬ್ಯಾಡ್ರೀ ಡಾಕ್ಟರ್, ಮುಂದ ಹುಡುಗ ಎದ್ದು ನಡಿಲಿಲ್ಲಂದ್ರ ಏನ್ ಮಾಡೂದು?’ ಎಂದರು ಮಾಮಾ. ಆಯಿ ಇನ್ನೂ ಮುಂದೆ ಹೋಗಿ, ಬಾಣಂತನದಲ್ಲಿ ಬೆನ್ನಿಗೆ ಇಂಜೆಕ್ಷನ್ ತಗೊಂಡ ನಮ್ಮ ಕಾಕಿಯ ಬೆನ್ನುನೋವಿನ ಕಥೆ ತೆಗೆದಳು. ಸಹಿ ಮಾಡಬೇಕಾದ ಕಾಗದ ಅಕ್ಕನ ಕೈಯಲ್ಲೇ ಉಳಿಯಿತು.

ಈ ಭಯ ನಮ್ಮ ಮನೆಯದೊಂದೇ ಅಲ್ಲ. ಸಿಜೇರಿಯನ್ ಆದ ಪ್ರತಿ ಓಣಿಯಲ್ಲೂ ‘ಬೆನ್ನಿನ ಇಂಜೆಕ್ಷನ್’ ಮೇಲೆ ಒಂದು ದೂರು ಇದ್ದೇ ಇದೆ. ಬಸಿರು, ಬಾಣಂತನದಲ್ಲಿ ಬೆನ್ನುನೋವು ಇಂಜೆಕ್ಷನ್ ತಗೊಳ್ಳದವರಿಗೂ ಬರುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಜ್ಞೆ ಕೋಪಿಸಿಕೊಳ್ಳಲಿಲ್ಲ. ಹುಡುಗನ ಬೆನ್ನಿನ ಮೇಲೆಯೇ ಬೆರಳಿಟ್ಟು ತೋರಿಸಿದರು: ಬೆನ್ನುಹುರಿ ಇಲ್ಲಿಗೆ ಮುಗಿಯುತ್ತದೆ, ನಾವು ಚುಚ್ಚುವುದು ಇಷ್ಟು ಕೆಳಗೆ. ಅಂಗರಚನೆಯ ಪುಸ್ತಕ ಹೇಳುವುದೂ ಅದನ್ನೇ. ಹುಟ್ಟಿದ ಮಗುವಿನಲ್ಲಿ ಬೆನ್ನುಹುರಿ ಸೊಂಟದ ಮೂರನೇ ಕಶೇರುವಿನ ಹತ್ತಿರ ಮುಗಿಯುತ್ತದೆ, ಬೆಳೆದಂತೆ ಒಂದು–ಎರಡನೆಯದರವರೆಗೆ ಮೇಲೇರುತ್ತದೆ. ಕಾಡಲ್ ಕಿಂಡಿ ಇರುವುದು ಅದಕ್ಕಿಂತ ಬಹಳ ಕೆಳಗೆ.

ಸಂಖ್ಯೆ ಬೇಕೆನ್ನುವವರಿಗೆ ಸಂಖ್ಯೆಯೂ ಇದೆ. ಅಮೆರಿಕದ ಮಕ್ಕಳ ಆಸ್ಪತ್ರೆಗಳ ಜಾಲವೊಂದು 1 ಲಕ್ಷಕ್ಕೂ ಹೆಚ್ಚು ಬ್ಲಾಕ್‌ಗಳನ್ನು ದಾಖಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಶಾಶ್ವತವಾದ ನರದೋಷ ಒಂದೂ ಇರಲಿಲ್ಲ. ತಾತ್ಕಾಲಿಕ ತೊಂದರೆ 10,000ಕ್ಕೆ ಎರಡು–ಮೂರು. ಔಷಧ ರಕ್ತಕ್ಕೆ ಸೇರಿ ಗಂಭೀರವಾದದ್ದು 10,000ಕ್ಕೆ ಒಂದಕ್ಕಿಂತ ಕಡಿಮೆ. ಮಗುವನ್ನು ನಿದ್ದೆ ಮಾಡಿಸಿ ಬ್ಲಾಕ್ ಕೊಡುವುದು ಎಚ್ಚರವಿದ್ದಾಗ ಕೊಡುವುದಕ್ಕಿಂತ ಅಪಾಯವಲ್ಲ ಎಂಬುದೂ ಅಲ್ಲಿ ಕಂಡುಬಂತು. ಇನ್ನೊಂದು ಭಯ, ‘ಮತ್ತು ಕೊಟ್ಟರ ಹುಡುಗ ಮಂದ ಆಗತಾನ’ ಎಂಬುದು. ಅದಕ್ಕೂ ಉತ್ತರ ಹುಡುಕಿದವರಿದ್ದಾರೆ. ಹರ್ನಿಯಾ ಆಪರೇಷನ್‌ಗೆ ಬಂದ 722 ಶಿಶುಗಳಲ್ಲಿ ಕೆಲವರಿಗೆ ಪೂರ್ತಿ ಅರಿವಳಿಕೆ, ಕೆಲವರಿಗೆ ಎಚ್ಚರವಿಟ್ಟು ಬೆನ್ನಿನ ಬ್ಲಾಕ್ ಮಾತ್ರ ಕೊಟ್ಟು, ಐದು ವರ್ಷದವರೆಗೆ ಬುದ್ಧಿಮಟ್ಟ ನೋಡಿದರು. 2019ರಲ್ಲಿ ಹೊರಬಂದ ಆ ಫಲಿತಾಂಶದಲ್ಲಿ, ಸುಮಾರು ಒಂದು ಗಂಟೆಯೊಳಗಿನ ಅರಿವಳಿಕೆಯಿಂದ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಬ್ಲಾಕ್ ಎಲ್ಲ ಮಕ್ಕಳಿಗೂ ಅಲ್ಲ. ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದರೆ, ಚುಚ್ಚುವ ಜಾಗದಲ್ಲಿ ಸೋಂಕು ಇದ್ದರೆ, ಬೆನ್ನುಮೂಳೆಯಲ್ಲಿ ಹುಟ್ಟಿನಿಂದ ದೋಷವಿದ್ದರೆ ಕೊಡುವುದಿಲ್ಲ. ಸಣ್ಣ ಗಾಯವಾದರೂ ಬಹಳ ಹೊತ್ತು ರಕ್ತ ನಿಲ್ಲದಿದ್ದದ್ದು ನೆನಪಿದ್ದರೆ ಮೊದಲೇ ಹೇಳಬೇಕು.

ಅಕ್ಕ ಕೊನೆಗೆ ಸಹಿ ಹಾಕಿದಳು. ಮರುದಿನ ಹನ್ನೊಂದಕ್ಕೆ ಆಪರೇಷನ್. ಹುಡುಗ ಹೊರಬಂದಾಗ ಅಳಲಿಲ್ಲ. ‘ಬಾಳಿಹಣ್ಣ ಕೊಡು’ ಎಂದ. ಆಯಿಗೆ ಅದೇ ಅನುಮಾನ. ಸ್ವಲ್ಪ ಹೊತ್ತಿಗೆ ಕಾಲು ಮುಟ್ಟಿ ನೋಡಿ, ಎತ್ತಿದರೆ ಬೀಳುತ್ತಿದೆ ಎಂದು ‘ಯವ್ವಾ, ಕಾಲು ಹೋತು!’ ಎಂದು ಕೂಗಿಯೇ ಬಿಟ್ಟಳು. ಕೆಲವು ಗಂಟೆ ಕಾಲಿನಲ್ಲಿ ಬಲ ಇರದಿರಬಹುದು, ಒಬ್ಬನನ್ನೇ ನಿಲ್ಲಿಸಬೇಡಿ, ಬಿಸಿ ನೀರಿನ ಬಾಟಲಿ ಹತ್ತಿರ ಇಡಬೇಡಿ, ಮೂತ್ರ ತಡವಾದರೆ ಹೇಳಿ ಎಂದು ತಜ್ಞೆ ಮೊದಲೇ ಹೇಳಿದ್ದರಿಂದ ಅಕ್ಕ ಗಟ್ಟಿಯಾಗಿದ್ದಳು. ಮೂರು ಗಂಟೆಯ ಹೊತ್ತಿಗೆ ಹುಡುಗ ತಾನೇ ಕಾಲು ಮಡಚಿದ.

ಮಡಚಿದ್ದೇ ತಡ, ನಿಜವಾದ ಪೇಚು ಶುರುವಾಯಿತು. ಕಾಲಿಗೆ ಬಲ ಬಂತು ಎಂದರೆ ಬ್ಲಾಕ್ ಇಳಿಯುತ್ತಿದೆ ಎಂದರ್ಥ. ವಾರ್ಡಿನ ಚೀಟಿಯಲ್ಲಿ ಪ್ಯಾರಾಸಿಟಮಾಲ್ ಸಿರಪ್ ಬರೆದಿತ್ತು, ಆದರೆ ‘ನೋವಾದರೆ ಕೊಡಿ’ ಎಂದು. ನಾಲ್ಕೂವರೆಗೆ ಹುಡುಗ ಅಳಲು ಶುರು ಮಾಡಿದ. ನರ್ಸ್ ಬರುವಷ್ಟರಲ್ಲಿ ಐದು. ಸಿರಪ್ ಹೊಟ್ಟೆಗೆ ಹೋಗಿ ಕೆಲಸ ಮಾಡಲು ಅರ್ಧದಿಂದ ಒಂದು ಗಂಟೆ. ಬೆಳಿಗ್ಗೆಯಿಂದ ಗಳಿಸಿದ ನೆಮ್ಮದಿಯೆಲ್ಲ ಆ ಒಂದೂವರೆ ಗಂಟೆಯಲ್ಲಿ ಹೋಯಿತು. ಬ್ಲಾಕ್ ಇಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಗೊತ್ತಿದ್ದೂ, ಅದಕ್ಕೆ ಅರ್ಧ ಗಂಟೆ ಮೊದಲೇ ಔಷಧ ಕೊಡುವ ಹಾಗೆ ಚೀಟಿಯಲ್ಲಿ ಗಂಟೆ ಬರೆಯುವುದು ಅಷ್ಟು ಕಷ್ಟವೇ? ಸೂಜಿ ಹಾಕುವ ಕೌಶಲಕ್ಕಿಂತ ಈ ಗಂಟೆ ಬರೆಯುವ ಅಭ್ಯಾಸವೇ ನಮ್ಮ ಕಡೆ ಹೆಚ್ಚು ಕೊರತೆಯಾಗಿದೆ ಎಂಬುದು ನನ್ನ ಅನಿಸಿಕೆ. ಕಿಮ್ಸ್ ಸೇರಿದಂತೆ ವೈದ್ಯಕೀಯ ಕಾಲೇಜುಗಳಿಗೆ ಕಾಡಲ್ ಹೊಸತೇನಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅರಿವಳಿಕೆ ವಿಷಯದ ಪಿ.ಜಿ. ಪ್ರಬಂಧಗಳಲ್ಲಿ, ಯಾವ ಔಷಧ ಬೆರೆಸಿದರೆ ಕಾಡಲ್ ಇನ್ನೆಷ್ಟು ಗಂಟೆ ಎಳೆಯುತ್ತದೆ ಎಂಬ ಅಧ್ಯಯನಗಳು ಸಾಕಷ್ಟಿವೆ. ಅದು ಇಳಿದ ಮೇಲಿನ ರಾತ್ರಿ ಮಾತ್ರ ಹೆತ್ತವರ ಪಾಲಿನದು.

ಅತ್ತದ್ದು ನೋವಿಗೋ, ಹಸಿವಿಗೋ ಎಂಬ ಪ್ರಶ್ನೆಯೂ ಇದೆ. ಬೆಳಗಿನಿಂದ ಉಪವಾಸ ಇಟ್ಟ ಕೂಸು ಹೊಟ್ಟೆಗಿಲ್ಲದೆಯೂ ಅಳುತ್ತದೆ. ಅರಿವಳಿಕೆಯ ಅನಿಲದಿಂದ ಏಳುವಾಗ ಕೆಲವು ಮಕ್ಕಳು ನೋವಿಲ್ಲದಿದ್ದರೂ ಕೈಕಾಲು ಬಡಿದು ರಂಪ ಮಾಡುತ್ತವೆ. ಮಾತು ಬಾರದ ಮಕ್ಕಳ ನೋವು ಅಳೆಯಲು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 1997ರಲ್ಲಿ ‘ಫ್ಲಾಕ್’ ಎಂಬ ಅಳತೆಗೋಲು ಮಾಡಿದರು. ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನವಾಗುವಿಕೆ, ಈ ಐದಕ್ಕೂ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತು. ಹುಬ್ಬು ಗಂಟಿಕ್ಕಿದೆಯೇ, ಕಾಲು ಝಾಡಿಸುತ್ತಿದೆಯೇ, ಎತ್ತಿಕೊಂಡರೆ ಸುಮ್ಮನಾಗುತ್ತದೆಯೇ? ಓದು ಬರಹ ಬಾರದ ಆಯಿಯೂ ನೋಡಿ ಹೇಳಬಹುದಾದ ಸಂಗತಿಗಳಿವು. ಎತ್ತಿಕೊಂಡು ಹಾಲು ಕೊಟ್ಟರೆ ಸುಮ್ಮನಾಗುವ ಅಳು ಬೇರೆ, ಮುಟ್ಟಿದರೆ ಹೆಚ್ಚಾಗುವ ಅಳು ಬೇರೆ ಎಂದು ಅವಳಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಬೇಕಿಲ್ಲ. ಅವಳು ಹೇಳಿದ್ದನ್ನು ವಾರ್ಡಿನಲ್ಲಿ ಯಾರಾದರೂ ಬರೆದುಕೊಳ್ಳಬೇಕು, ಅಷ್ಟೆ.

ಬ್ಲಾಕ್ ಬಿಟ್ಟು ಮಾರ್ಫಿನ್‌ನಂಥ ಬಲವಾದ ಔಷಧವನ್ನೇ ಕೊಡಬಾರದೇ ಎಂದು ಕೇಳಬಹುದು. ದೊಡ್ಡ ಆಪರೇಷನ್‌ಗಳಲ್ಲಿ ಕೊಡುತ್ತಾರೆ. ಆದರೆ ಎಳೆ ಶಿಶುಗಳಲ್ಲಿ ಅದು ಉಸಿರಾಟವನ್ನು ಕುಗ್ಗಿಸಬಹುದು, ರಾತ್ರಿಯಿಡೀ ಕಣ್ಣಿಟ್ಟು ನೋಡುವವರು ಬೇಕು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಸಣ್ಣ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲ. 2014ರ ತಿದ್ದುಪಡಿಯಿಂದ ಪರವಾನಗಿ ಸುಲಭವಾದರೂ ಹಳೆಯ ಹಿಂಜರಿಕೆ ಬೇಗ ಬಿಡುವಂಥದ್ದಲ್ಲ. ಬುಪಿವಕೇನ್‌ಗೆ ಈ ತಕರಾರು ಯಾವುದೂ ಇಲ್ಲ. ಹಳೆಯ ಔಷಧ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ರಾತ್ರಿ ಪಾಳಿಯಲ್ಲಿ ಸಿಬ್ಬಂದಿ ಕಡಿಮೆ ಇರುವ ಕಡೆಯೇ ಇದು ಹೆಚ್ಚು ಉಪಯೋಗಕ್ಕೆ ಬರುವಂಥದ್ದು.

ಸೀಳುತುಟಿಯ ಮಕ್ಕಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದ ಮೇಲೆ ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ತಪಾಸಣಾ ತಂಡ ಬರುತ್ತದೆ. ಸೀಳುತುಟಿ, ತಿರುಚಿದ ಪಾದ ಅವರ ಪಟ್ಟಿಯಲ್ಲಿವೆ. ನಮ್ಮ ಜಿಲ್ಲೆಯಲ್ಲೇ, ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಸೀಳುತುಟಿ ಚಿಕಿತ್ಸೆಗೆಂದೇ ಕೇಂದ್ರವಿದೆ. ಈ ಆಪರೇಷನ್ ಮಾಡುವುದು ಮಗು ಕೆಲವೇ ತಿಂಗಳಿನದಿದ್ದಾಗ. ಕಣ್ಣಿನ ಕೆಳಗೆ ಕೆನ್ನೆಯ ಮೂಳೆಯಲ್ಲಿ ಒಂದು ಸಣ್ಣ ರಂಧ್ರವಿದೆ, ಮೇಲ್ದುಟಿಯ ನರ ಹೊರಬರುವುದು ಅಲ್ಲಿಂದ. ಅಲ್ಲಿ ಹನಿಯಷ್ಟು ಔಷಧ ಬಿಟ್ಟರೆ ತುಟಿ ಜೋಮು ಹಿಡಿಯುತ್ತದೆ, ಉಸಿರಿಗೆ ತೊಂದರೆಯಿಲ್ಲ. ಬಾಯಿ ಮೂಗಿನ ಹತ್ತಿರವೇ ಹೊಲಿಗೆ ಬಿದ್ದ ಶಿಶುವಿಗೆ ಇದಕ್ಕಿಂತ ಒಳ್ಳೆಯ ಉಪಾಯ ಯಾವುದಿದೆ?

ಈಗ ನಮ್ಮಂಥವರ ವಿಷಯ. ಬ್ಲಾಕ್ ಕೊಡುವಾಗ ಸೂಜಿಯ ತುದಿ ಎಲ್ಲಿದೆ ಎಂದು ನೋಡಲು ಈಗ ಅಲ್ಟ್ರಾಸೌಂಡ್ ಬಳಸುತ್ತಾರೆ. ಮಕ್ಕಳ ನರಗಳು ಚರ್ಮದಿಂದ ಒಂದೆರಡು ಸೆಂ.ಮೀ. ಆಳದಲ್ಲೇ ಇರುವುದರಿಂದ ಹೆಚ್ಚಿನ ಆವರ್ತನದ ಪ್ರೋಬ್ ಸಾಕು, ಚಿತ್ರವೂ ಸ್ಪಷ್ಟ. ಆದರೆ ನಮ್ಮ ದೇಶದಲ್ಲಿ ಯಾವ ವಿಭಾಗದ ಸ್ಕ್ಯಾನರ್ ಆದರೂ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿ ಆಗಲೇಬೇಕು. ಅರಿವಳಿಕೆ ವಿಭಾಗದವರಿಗೆ ಇದು ಕಿರಿಕಿರಿ. ಹೆಣ್ಣು ಭ್ರೂಣಗಳಿಗೆ ಏನಾಯಿತು ಎಂದು ಗೊತ್ತಿರುವವರು ಆ ಕಾಯ್ದೆ ಸಡಿಲಿಸಿ ಎಂದು ಹೇಳಲಾರರು, ನಾನೂ ಹೇಳುವುದಿಲ್ಲ. ನರ ಮಾತ್ರ ಕಾಣುವ, ಭ್ರೂಣದ ಆಳಕ್ಕೆ ಇಳಿಯದ ಯಂತ್ರ ಮಾಡಲಾಗದೇ ಎಂಬುದು ಬಯೋಮೆಡಿಕಲ್ ಓದುವವರು ಪ್ರಾಜೆಕ್ಟ್‌ಗೆ ಎತ್ತಿಕೊಳ್ಳಬಹುದಾದ ಪ್ರಶ್ನೆ. ಇನ್ನೊಂದು: ರಕ್ತನಾಳದ ಸಿರಿಂಜ್ ಬೆನ್ನಿನ ಸೂಜಿಗೂ, ಬೆನ್ನಿನದು ರಕ್ತನಾಳಕ್ಕೂ ಹೊಂದುತ್ತದೆ. ಅದಲುಬದಲಾಗಿ ಬುಪಿವಕೇನ್ ರಕ್ತಕ್ಕೆ ಹೋದರೆ ಹೃದಯವೇ ನಿಲ್ಲಬಹುದು. ಹೀಗಾಗದಂತೆ ಒಂದಕ್ಕೊಂದು ಹೊಂದದ ಬೇರೆ ಅಳತೆಯ ಜೋಡಣೆಗೆ 2016ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಬಂತು. ಪ್ಲಗ್ಗು ತಪ್ಪು ಸಾಕೆಟ್ಟಿಗೆ ಕೂರದಂತೆ ಮಾಡುವ ನಮ್ಮ ಹಳೇ ಉಪಾಯವೇ. ವೈದ್ಯಕೀಯ ಸೀಟು ಸಿಗದವರಿಗೆ ಬಿ.ಎಸ್ಸಿ. ಅನಸ್ತೇಶಿಯಾ ಟೆಕ್ನಾಲಜಿ ಕೋರ್ಸ್ ಇದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಥಿಯೇಟರ್‌ನಲ್ಲಿ ಈ ಸಿರಿಂಜ್‌ಗಳಿಗೆ ಹೆಸರಿನ ಚೀಟಿ ಅಂಟಿಸುವ ಕೈ ಬಹುತೇಕ ಅವರದು.

ಮನೆಯಲ್ಲಿ ಯಾವುದಾದರೂ ಮಗುವಿಗೆ ಆಪರೇಷನ್ ಗೊತ್ತಾದರೆ ಕಾಲೇಜು ಓದುವ ಹುಡುಗ ಹುಡುಗಿಯರನ್ನೇ ಜೊತೆಗೆ ಕರೆದೊಯ್ಯುತ್ತಾರೆ, ಫಾರ್ಮು ತುಂಬಲು. ಫಾರ್ಮಿನ ಜೊತೆ ಅರಿವಳಿಕೆ ತಜ್ಞರನ್ನು ಕೇಳಿ: ಇವನಿಗೆ ಬ್ಲಾಕ್ ಕೊಡಬಹುದೇ, ಕೊಟ್ಟರೆ ಎಷ್ಟು ಗಂಟೆಗೆ ಇಳಿಯುತ್ತದೆ, ಅದಕ್ಕೆ ಮೊದಲು ಏನು ಕೊಡಬೇಕು, ಎಷ್ಟು ಮಿ.ಲೀ.? ಕೊನೆಯ ಪ್ರಶ್ನೆ ಮರೆಯಬೇಡಿ. ಪ್ಯಾರಾಸಿಟಮಾಲ್ ಅಂಗಡಿಯಲ್ಲಿ ಒಂದೇ ಬಗೆಯದಿಲ್ಲ. ಒಂದು ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ., ಇನ್ನೊಂದು 250. ಶಿಶುಗಳ ಡ್ರಾಪ್ಸ್ 1 ಮಿ.ಲೀ.ಗೇ 100. ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ನಮ್ಮ 12 ಕೆ.ಜಿ.ಯ ಹುಡುಗನಿಗೆ ಒಂದು ಹೊತ್ತಿಗೆ 180 ಮಿ.ಗ್ರಾಂ. ಮೊದಲನೆಯದರಲ್ಲಿ 7.2 ಮಿ.ಲೀ., ಎರಡನೆಯದರಲ್ಲಿ 3.6, ಡ್ರಾಪ್ಸ್ ಆದರೆ 1.8. ‘ಒಂದ್ ಚಮಚಾ ಹಾಕು’ ಎಂದರೆ ಯಾವುದರ ಚಮಚ? ಅಕ್ಕ ಚೀಟಿಯಲ್ಲಿದ್ದ ಮಿ.ಲೀ.ಯನ್ನೂ ಗಂಟೆಯನ್ನೂ ಬಾಟಲಿಯ ಮೇಲೆ ಪೆನ್ನಿನಿಂದ ಬರೆದು, ಸೂಜಿ ತೆಗೆದ 5 ಮಿ.ಲೀ. ಸಿರಿಂಜನ್ನು ರಬ್ಬರ್ ಬ್ಯಾಂಡಿನಿಂದ ಅದಕ್ಕೇ ಕಟ್ಟಿದ್ದಳು. ರಾತ್ರಿ ಹತ್ತೂವರೆಯ ಡೋಸನ್ನು ಅವಳು ನಿದ್ದೆಯಲ್ಲಿದ್ದ ಹುಡುಗನನ್ನು ಎಬ್ಬಿಸಿಯೇ ಕುಡಿಸಿದಳು. ಗುರ್ ಎಂದು ಗೊಣಗಿ, ಕುಡಿದು, ಮಗ್ಗುಲು ಬದಲಿಸಿ ಬೆಳಗಿನವರೆಗೆ ಮಲಗಿದ.